ಐವತ್ತೈದರ ತಲೆಗೊಂದು ಕುಲಾವಿ

ನಮ್ಮ ಮನೆಯ ಬಚ್ಚಲ ಬಾಗಿಲ ಹಿಂದೆ ಒಂದು ಗೂಟವಿದೆ. ಆ ಗೂಟಕ್ಕೆ ಒಂದು ಕೆಂಪು ಕುಲಾವಿ ನೇತುಹಾಕಿದೆ. ಮನೆಗೆ ಬಂದವರು ಕೈಕಾಲು ತೊಳೆಯಲು ಒಳಗೆ ಹೋಗುತ್ತಾರೆ, ಅದನ್ನು ನೋಡುತ್ತಾರೆ, ಮುಖ ಅರಳಿಸಿಕೊಂಡು ಹೊರಗೆ ಬರುತ್ತಾರೆ. "ಮೊಮ್ಮಗ ಬಂದಾನೇನ್ರಿ ಮನಿಗೆ? ಹೇಳಲೇ ಇಲ್ಲಲ್ಲ!" ಎನ್ನುತ್ತಾರೆ. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ನಡೆಯುತ್ತಾಳೆ. ನಾನು ಗಂಟಲು ಸರಿ ಮಾಡಿಕೊಂಡು, "ಇಲ್ರಿ, ಅದು ನಂದು" ಎನ್ನುತ್ತೇನೆ. ಆಮೇಲೆ ಬಂದವರು ಚಹಾ ಕುಡಿಯುವ ತನಕ ನನ್ನನ್ನು ಒಂದು ಥರ ನೋಡುತ್ತಿರುತ್ತಾರೆ.

ಅವರ ತಪ್ಪಿಲ್ಲ. ಕುಲಾವಿ ಎಂದರೆ ತೊಟ್ಟಿಲ ಕೂಸಿನದು. ಕಿವಿ ಮುಚ್ಚಿ, ಗದ್ದದ ಕೆಳಗೆ ಕಸಿ ಕಟ್ಟಿದರೆ ಕೂಸಿನ ಮುಖ ಬಟ್ಟಲಲ್ಲಿಟ್ಟ ಲಾಡುವಿನ ಹಾಗೆ ಕಾಣಬೇಕು. ನನ್ನ ಮುಖಕ್ಕೆ ಕಟ್ಟಿದರೆ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ವರ್ಣಿಸುವುದಿಲ್ಲ. ಮೀಸೆ ಬೇರೆ ಇದೆ.

ಇದರ ಕಥೆ ಹೇಳಬೇಕಾದರೆ ನಿಮ್ಮನ್ನು ಕ್ರೊಯೇಷಿಯಾಕ್ಕೆ ಕರೆದುಕೊಂಡು ಹೋಗಬೇಕು. ಹೆದರಬೇಡಿ, ಬಹಳ ದೂರವಿಲ್ಲ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದು ಹಿಂದಿನ ಸಂದಿಯಲ್ಲಿ ಖಾದರನ ಗ್ಯಾರೇಜಿನ ತನಕ ನಡೆದರೆ ಸಾಕು. ಖಾದರ್ ನನ್ನ ಹೈಸ್ಕೂಲು ಗೆಳೆಯ. ಮೋಟಾರ್ ಸೈಕಲ್ಲು, ಪಂಪ್‌ಸೆಟ್ಟು, ಕಾಲ ಬಂದರೆ ರಾಶಿ ಯಂತ್ರ, ಏನು ಕೊಟ್ಟರೂ ಬಿಚ್ಚಿ ಕಟ್ಟುತ್ತಾನೆ. ಅವನ ಗ್ಯಾರೇಜಿನ ಗೋಡೆಯಲ್ಲಿ ಕೆಂಪು ಬಿಳಿ ಚೌಕಳಿಯ ಬಟ್ಟೆಯೊಂದು ಎಣ್ಣೆ ಮಸಿ ತಿಂದು ಕೆಂಪು ಕಪ್ಪು ಚೌಕಳಿಯಾಗಿ ತೂಗುತ್ತಿದೆ. ಊರಿಗೆಲ್ಲ ಕ್ರಿಕೆಟ್ಟಿನ ಹುಚ್ಚು ಹಿಡಿದರೆ ಇವನೊಬ್ಬನಿಗೆ ಕ್ರೊಯೇಷಿಯಾದ ಹುಚ್ಚು.

ಅದು ಹತ್ತಿದ್ದು ನಾವು ಮೂವತ್ತರ ಹತ್ತಿರವಿದ್ದಾಗ. ಹೊಸದಾಗಿ ಹುಟ್ಟಿದ ಆ ದೇಶ ಮೊದಲ ಸಲ ಫುಟ್‌ಬಾಲ್ ವಿಶ್ವಕಪ್ಪಿಗೆ ಬಂದು, ದೊಡ್ಡ ದೊಡ್ಡವರನ್ನು ಕೆಡವಿ, ಮೂರನೆಯ ಸ್ಥಾನ ಹೊಡೆದುಕೊಂಡು ಹೋಯಿತು. ಖಾದರ್ ಆಗ ತನ್ನ ಮಾವನ ಗ್ಯಾರೇಜಿನಲ್ಲಿ ಪಾನಾ ಹಿಡಿದು ದುಡಿಯುತ್ತಿದ್ದ, ಎತ್ತರದಲ್ಲಿ ನಮ್ಮೆಲ್ಲರಿಗಿಂತ ಗೇಣು ಕಡಿಮೆ ಇದ್ದ. "ನೋಡಲೇ ಸಿದ್ದ, ನಮ್ಮ ಎರಡು ಮೂರು ಜಿಲ್ಲಾ ಕೂಡಿಸಿದ್ರ ಎಷ್ಟು ಮಂದಿ ಅಕ್ಕಾರೋ ಅಷ್ಟೇ ಮಂದಿ ಆ ದೇಶದಾಗ ಅದಾರ. ಆದ್ರೂ ಬಿಡವಲ್ರು!" ಎಂದು ಅಂದು ಹೇಳಿದವನು ಇಂದಿಗೂ ಹೇಳುತ್ತಲೇ ಇದ್ದಾನೆ. ಆಮೇಲೆ ಅವರು ಒಮ್ಮೆ ಫೈನಲ್ಲಿಗೂ ಹೋದರು. ಪಂದ್ಯ ಪೆನಾಲ್ಟಿಗೆ ಹೋದರೆ ಖಾದರ್ ಗ್ಯಾರೇಜಿನ ಶಟರನ್ನು ಅರ್ಧಕ್ಕೆ ಎಳೆದುಬಿಡುತ್ತಾನೆ. ಗಿರಾಕಿಗಳು ಬಗ್ಗಿ ಒಳಗೆ ಬರಬೇಕು, ಬಂದವರು ಮಾತಾಡಬಾರದು.

ಫುಟ್‌ಬಾಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆ ದೇಶದ ಹೆಣ್ಣುಮಗಳೊಬ್ಬಳು ಚಕ್ರ ಎಸೆದು ಚಿನ್ನ ಗೆದ್ದರೆ ಖಾದರ್ ಚಹಾ ಕುಡಿಸುತ್ತಾನೆ. ಇನ್ನೊಬ್ಬಳು ಎತ್ತರ ಜಿಗಿದರೆ ಮತ್ತೊಂದು ಚಹಾ. ಹಿಮದಲ್ಲಿ ಜಾರುವವರು, ಟೆನಿಸ್ ಆಡುವವರು, ಹ್ಯಾಂಡ್‌ಬಾಲಿನವರು, ಎಲ್ಲರ ಸುದ್ದಿಯೂ ಅವನಿಗೆ ಗೊತ್ತು. ಕೊರಳಿಗೆ ಕಟ್ಟುವ ಟೈ ಕೂಡ ಅದೇ ಜನ ಜಗತ್ತಿಗೆ ಕಲಿಸಿದ್ದಂತೆ. ಆ ಮಾತು ಕೇಳಿದ ದಿನ ನಾನು ನಕ್ಕಿದ್ದೆ. ಕಟ್ಟುವುದರಲ್ಲಿ ಆ ಜನ ನಿಸ್ಸೀಮರು ಎಂದು ಗೊತ್ತಾದದ್ದು ನಮ್ಮ ಕೊಟ್ರಮ್ಮತ್ತೆ ಆ ಜನರನ್ನು ಟಿವಿಯಲ್ಲಿ ನೋಡಿದ ಮೇಲೆ.

ಕೊಟ್ರಮ್ಮತ್ತೆ ನನ್ನ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ಅವ್ವ ಹೊಲಕ್ಕೆ ಹೋದರೆ ಮನೆಯಲ್ಲಿ ನಾನು ಅವಳ ಪಾಲು. ತೊಟ್ಟಿಲ ಕಾರ್ಯದ ದಿನ ನನ್ನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಿದವಳೂ ಅವಳೇ. ಆ ಹಕ್ಕಿನ ಮೇಲೆ ಇಂದಿಗೂ ನನ್ನನ್ನು ಆಳುತ್ತಾಳೆ. ಅಪ್ಪ ಅವ್ವ ಹೋದ ಮೇಲೆ ಹಂಪಸಾಗರದಿಂದ ನಮ್ಮ ಜೊತೆ ಹಗರಿಬೊಮ್ಮನಹಳ್ಳಿಗೆ ಬಂದಳು. ಅವಳು ಹೊಲಿಯುವ ಕುಲಾವಿಗೆ ಹಿರೇಹಡಗಲಿಯ ತನಕ ಹೆಸರು. ಕುಪ್ಪಸದ ಕಣದ ತುಂಡು, ಒಳಗೆ ಹಳೆ ಧೋತರದ ಮೆತ್ತನೆಯ ಪದರ, ಅಂಚಿಗೆ ಸಣ್ಣ ಹೊಲಿಗೆ. ಎಂಬತ್ತು ದಾಟಿದರೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ, ಯಾರಾದರೂ ನೆರವಿಗೆ ಹೋದರೆ ಸಿಟ್ಟು.

ಇನ್ನು ನನ್ನ ವಿಷಯ. ನಾನು ಹಂಪಸಾಗರದವನು. ತುಂಗಭದ್ರೆಯ ಹಿನ್ನೀರು ಊರಿನ ಮಗ್ಗುಲಲ್ಲೇ ಮಲಗಿದೆ. ನಮ್ಮೂರ ಹುಡುಗರು ಸೋರೆಬುರುಡೆ ಕಟ್ಟಿಕೊಂಡು ನೀರಿಗೆ ಬಿದ್ದವರು ನಾಲ್ಕು ದಿನದಲ್ಲಿ ಬುರುಡೆ ಬಿಟ್ಟು ಮೀನಾಗುತ್ತಿದ್ದರು. ನಾನು ದಂಡೆಯ ಮೇಲೆ ಕುಳಿತು ಅವರ ಅಂಗಿ ಕಾಯುತ್ತಿದ್ದೆ. ಹೀಗೆ ಇಡೀ ಬಾಲ್ಯ ಅಂಗಿ ಕಾದು, ನೀರಿನ ಆಟದಲ್ಲಿ ಯಾರು ಗೆದ್ದರು, ಯಾರು ಮೋಸ ಮಾಡಿದರು ಎಂದು ತೀರ್ಪು ಕೊಡುವುದರಲ್ಲಿ ಮಾತ್ರ ಪಳಗಿದೆ. ಮುಂದೆ ಯಾವ ಆಟವನ್ನೂ ಆಡದೆ ಎಲ್ಲ ಆಟಗಳ ಬಗ್ಗೆಯೂ ಮಾತಾಡುವ ಮನುಷ್ಯ ನಾನಾದದ್ದು ಅಲ್ಲಿಯೇ.

ನೀರಿಗೆ ಇಳಿಯದಿದ್ದುದಕ್ಕೆ ಕಾರಣ ಕೊಟ್ರಮ್ಮತ್ತೆ. ಮನೆಗೆ ಬಂದ ಕೂಡಲೇ "ಬಾ ಇಲ್ಲಿ" ಎನ್ನುತ್ತಿದ್ದಳು. ನನ್ನ ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೀರು ಎಳೆಯುತ್ತಿದ್ದಳು. ಹೊಳೆಯ ನೀರಲ್ಲಿ ಆಡಿ ಬಂದ ಮೈ ಒಣಗಿದ ಮೇಲೆ ಗೀರಿದರೆ ಬೆಳ್ಳಗೆ ಗೆರೆ ಮೂಡುತ್ತದೆ. ಯಾವ ವಕೀಲನೂ ಅದನ್ನು ಅಳಿಸಲಾರ. ಒಂದೇ ಒಂದು ಸಲ, ಗೆಳೆಯರ ಒತ್ತಾಯಕ್ಕೆ ಮೊಣಕಾಲುದ್ದ ನೀರಲ್ಲಿ ನಿಂತು ಬಂದಿದ್ದೆ. ಗೆರೆ ಮೂಡಿತು. ಹೊಡೆತಕ್ಕೆ ಕಾದು ನಿಂತೆ. ಅತ್ತೆ ಹೊಡೆಯಲಿಲ್ಲ. ಆ ಗೆರೆಯನ್ನೇ ನೋಡುತ್ತ ಕುಳಿತಳು, ಅಂದು ರಾತ್ರಿ ಊಟ ಮಾಡಲಿಲ್ಲ. ಹೊಡೆದಿದ್ದರೆ ಮರುದಿನ ಮತ್ತೆ ಹೋಗುತ್ತಿದ್ದೆನೋ ಏನೋ. ಊಟ ಬಿಟ್ಟ ಅತ್ತೆಯನ್ನು ದಾಟಿ ನೀರಿಗೆ ಹೋಗುವ ಧೈರ್ಯ ನನಗೆ ಮುಂದೆಂದೂ ಬರಲಿಲ್ಲ. ಯಾಕೆ ಎಂದು ಕೇಳಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅತ್ತೆ "ನೀರಿಗೆ ಕಣ್ಣಿಲ್ಲ" ಎನ್ನುತ್ತಿದ್ದಳು, ಅಷ್ಟೇ.

ಹೀಗಿರುವಾಗ ಐವತ್ತು ದಾಟಿದ ಮೇಲೆ ನನ್ನ ಮೊಣಕಾಲುಗಳು ಮಾತಾಡತೊಡಗಿದವು. ಕೂತರೆ ಒಂದು ಮಾತು, ಎದ್ದರೆ ಎರಡು. ಕಾಲೇಜಿನಲ್ಲಿ ಮೆಟ್ಟಿಲು ಹತ್ತಿ ಪಾಠಕ್ಕೆ ಹೋಗುವಷ್ಟರಲ್ಲಿ ಪಾಠವೇ ಮರೆತುಹೋಗುತ್ತಿತ್ತು. ಹೊಸಪೇಟೆಯ ಡಾಕ್ಟರು ಚಿತ್ರ ತೆಗೆಸಿ ನೋಡಿ, "ಸವೆದಿದೆ. ಆಪರೇಷನ್ ಸದ್ಯಕ್ಕೆ ಬೇಡ. ನೀರಲ್ಲಿ ವ್ಯಾಯಾಮ ಮಾಡಿ, ಭಾರ ಬೀಳೋದಿಲ್ಲ. ಹಂಪಸಾಗರದವರು ಅಂತೀರಿ, ಈಜು ಬರುತ್ತಲ್ಲ?" ಎಂದರು. ನಾನು ತಲೆ ಆಡಿಸಿದೆ. ಅದು ಹೌದೋ ಅಲ್ಲವೋ ಎಂದು ಅವರಿಗೆ ತಿಳಿಯದ ಹಾಗೆ ಆಡಿಸಿದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ. ಖಾದರ್ ಬಾವಿ ಕಾಲುವೆಗಳಲ್ಲಿ ಬಿದ್ದು ಬೆಳೆದವನು, ಅವನೇ ಕಲಿಸುತ್ತಾನೆ, ಲಾರಿಯ ಟ್ಯೂಬು ಕಟ್ಟಿಕೊಳ್ಳುತ್ತೇನೆ ಎಂದೆಲ್ಲ ಹೇಳಿದೆ. ಅತ್ತೆ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದಳು.

"ಬ್ಯಾಡ."

"ಅತ್ತಿ, ನನಗೀಗ ಐವತ್ತೈದು."

"ಆಗಲಿ. ನೂರಾಗಲಿ. ನಾನು ಇರೋ ತನಕ ಬ್ಯಾಡ."

ಹೆಂಡತಿ ನನ್ನ ಕಡೆ ನೋಡಿ, "ಬಿಡ್ರಿ, ಕಾಲಿಗೆ ಎಣ್ಣಿ ಹಚ್ತೀನಿ" ಎಂದಳು. ಕಾಲೇಜಿನಲ್ಲಿ ನೂರು ಹುಡುಗರು ನನ್ನ ದನಿಗೆ ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಒಂದು ಮುದುಕಿಯ 'ಬ್ಯಾಡ'ಕ್ಕೆ ನಾನು ಕೂತುಬಿಟ್ಟೆ. ಅದರಲ್ಲಿ ಹಟವಿದ್ದಿದ್ದರೆ ಹಟಕ್ಕೆ ಹಟ ಮಾಡಬಹುದಿತ್ತು. ಆ ದನಿಯಲ್ಲಿ ನಡುಕವಿತ್ತು. ಖಾದರನೂ ಕೇಳಿ, "ಅತ್ತಿ ಬ್ಯಾಡ ಅಂದ್ರ ಮುಗೀತಲೇ. ಎಣ್ಣಿ ಹಚ್ಚಿಸ್ಕೋ" ಎಂದ.

ಈಚಿನ ಒಲಿಂಪಿಕ್ಸ್ ನಡೆಯುತ್ತಿದ್ದ ದಿನಗಳವು. ಒಂದು ಭಾನುವಾರ ಸಂಜೆ ಖಾದರ್ ಓಡುತ್ತ ನಮ್ಮ ಮನೆಗೆ ಬಂದ. ಅವರ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿತ್ತು. ಕ್ರೊಯೇಷಿಯಾದವರದು ಫೈನಲ್ ಇತ್ತು. ಯಾವ ಆಟ ಎಂದು ಕೇಳುವುದರೊಳಗೆ ತನ್ನ ಫೋನಿನಿಂದ ನಮ್ಮ ಟಿವಿಗೆ ಏನೋ ಜೋಡಿಸಿದ. ಪರದೆಯ ತುಂಬ ನೀಲಿ ನೀರು. ನೀರಿನ ಮೇಲೆ ಬರೀ ತಲೆಗಳು. ವಾಟರ್ ಪೋಲೊ ಅಂತೆ. ನೀರಲ್ಲಿ ಚೆಂಡಾಟ. ಒಂದು ಕಡೆಗೆ ಏಳು ಜನ, ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು ಎಸೆದು ಗೋಲು ಹೊಡೆಯಬೇಕು.

ಅತ್ತೆ ಕಿಟಕಿಯ ಬೆಳಕಿಗೆ ಕೂತು ಚಿಗಟೇರಿಯ ಯಾವುದೋ ಕೂಸಿಗೆ ಕುಲಾವಿ ಹೊಲಿಯುತ್ತಿದ್ದಳು. ನೀರು ಕಂಡರೆ ಎದ್ದು ಹೋಗುತ್ತಾಳೆಂದು ನಾನು ಟಿವಿ ಆರಿಸಲು ಹೊರಟೆ. ಅವಳು ಕನ್ನಡಕ ಮೇಲೆತ್ತಿ ನೋಡಿದಳು. ಸೂಜಿ ಗಾಳಿಯಲ್ಲೇ ನಿಂತಿತು.

"ಯಪ್ಪಾ! ಯಾರ ಮಕ್ಕಳೋ ಇವು? ಕೋಣ ಆದಂಗ ಆಗ್ಯಾವ, ಇನ್ನೂ ಕುಲಾವಿ ಬಿಟ್ಟಿಲ್ಲಲ್ಲ!"

ನಾವಿಬ್ಬರೂ ತಿರುಗಿ ನೋಡಿದೆವು. ಹೌದಲ್ಲ! ಆ ಆಟಗಾರರೆಲ್ಲರ ತಲೆಗೂ ಬಟ್ಟೆಯ ಟೊಪ್ಪಿಗೆ, ಕಿವಿಯ ಮೇಲೆ ಹೊದಿಕೆ, ಗದ್ದದ ಕೆಳಗೆ ಕಸಿ ಕಟ್ಟಿದೆ. ಗೋಲು ಕಾಯುವ ಗೋಲಿಯದು ಕೆಂಪು. ಇಷ್ಟು ವರ್ಷ ಆ ದೇಶದ ಸುದ್ದಿಯನ್ನೆಲ್ಲ ಅರೆದು ಕುಡಿದ ಖಾದರನಿಗೂ ಅದು ಕುಲಾವಿ ಎಂದು ಹೊಳೆದಿರಲಿಲ್ಲ. ಅವನು ಬಿದ್ದು ಬಿದ್ದು ನಕ್ಕ. ಅತ್ತೆ ನಗಲಿಲ್ಲ. ಹೊಲಿಗೆಯನ್ನು ತೊಡೆಯ ಮೇಲಿಟ್ಟು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಳು.

"ಯಾಕ ಕಟ್ಟ್ಯಾರ?"

"ಕಿವಿಗೆ ಚೆಂಡು ಬಡೀಬಾರ್ದು ಅಂತ, ಅತ್ತಿ. ಮತ್ತ ದೂರದಿಂದ ಯಾರು ಯಾರು ಅಂತ ಗೊತ್ತಾಗಬೇಕಲ್ರಿ, ಅದಕ್ಕ ಬಣ್ಣ, ನಂಬರು."

"ನೀರು ಎಷ್ಟುದ್ದ ಐತಿ? ಎದಿಮಟ ಬಂದೈತಿ. ಕೆಳಗ ನಿಂತಾರೇನು?"

"ನಿಂತಿಲ್ರಿ. ಆಳ ಐತಿ. ಕಾಲು ನೆಲಕ್ಕ ತಾಕೋದೇ ಇಲ್ಲ. ಈ ಆಟದಾಗ ನೆಲ ಮುಟ್ಟಂಗಿಲ್ಲ."

ಅತ್ತೆಯ ಬಾಯಿ ತೆರೆದಂತೆಯೇ ಉಳಿಯಿತು. ಆಗಲೇ ಟಿವಿಯವರು ನೀರಿನ ಅಡಿಯ ಚಿತ್ರ ತೋರಿಸಿದರು. ಮೇಲೆ ಎದೆಯೆತ್ತಿ ನಿಂತ ಮನುಷ್ಯನ ಕೆಳಗೆ ಎರಡು ಕಾಲುಗಳು ಒಂದಾದ ಮೇಲೊಂದು ಸುತ್ತು ಹೊಡೆಯುತ್ತಲೇ ಇದ್ದವು, ಕಡೆಗೋಲಿನ ಹಾಗೆ.

"ಮಜ್ಜಿಗಿ ಕಡದಂಗ ಕಡೀತಾವ" ಎಂದಳು ಅತ್ತೆ. ಆಮೇಲೆ ತನ್ನಷ್ಟಕ್ಕೇ, "ನೆಲ ಇಲ್ಲ ಅಂತ ಗೊತ್ತಿದ್ರ ಹಿಂಗ ಕಡೀಬಹುದು. ನೆಲ ಐತಿ ಅಂತ ನಂಬಿದ್ದ ಅವ" ಎಂದಳು.

"ಯಾರು ಅತ್ತಿ?" ಎಂದೆ.

ಟಿವಿಯಲ್ಲಿ ಶಿಳ್ಳೆ ಊದಿದರು, ಯಾರೋ ಗೋಲು ಹೊಡೆದರು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಹೇಳತೊಡಗಿದಳು. ನನ್ನ ಅಪ್ಪನಿಗೆ, ಅವಳಿಗೆ ಇನ್ನೊಬ್ಬ ತಮ್ಮನಿದ್ದ ಎಂಬುದು ನನಗೆ ತಿಳಿದದ್ದೇ ಆಗ. ಬಸ್ಯಾ ಅಂತ ಅವನ ಹೆಸರು. ಅಣೆಕಟ್ಟಿನ ಹಿನ್ನೀರು ಬಂದು ಅವರ ಹಳೆಯ ಮನೆ, ಓಣಿ ಮುಳುಗಿದ್ದವು. ಮನೆಯವರು ಮೇಲಿನ ಹೊಸ ಜಾಗಕ್ಕೆ ಬಂದಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಓಣಿಯಲ್ಲಿ ಮೊಣಕಾಲುದ್ದ ಮಾತ್ರ ಉಳಿದಿತ್ತು. ಬಸ್ಯಾ ಅಕ್ಕನ ಕೈಬಿಡಿಸಿಕೊಂಡು, "ನಮ್ಮ ಮನಿ ನೋಡಿ ಬರ್ತೀನಿ" ಎಂದು ನೀರಲ್ಲಿ ನಡೆದ. ಅವನಿಗೆ ಓಣಿ ಗೊತ್ತಿತ್ತು. ಇಲ್ಲಿ ಕಟ್ಟೆ, ಇಲ್ಲಿ ತಿರುವು ಎಂದು ಕೂಗಿ ಹೇಳುತ್ತ ನಡೆದ. ಓಣಿಯ ಬಾವಿಯ ಸುತ್ತಲಿನ ಕಟ್ಟೆಯ ಕಲ್ಲುಗಳನ್ನು ಜನ ಹೊಸ ಮನೆಗಳಿಗೆ ಕಿತ್ತೊಯ್ದಿದ್ದರು. ನೀರಿನ ಮೇಲೆ ಬಾವಿಯೂ ಓಣಿಯೂ ಒಂದೇ ಆಗಿ ಕಂಡಿದ್ದವು.

"ದಂಡಿ ಮ್ಯಾಲ ನಿಂತಿದ್ದೆ ನಾನು. ತಲಿ ಕಾಣ್ತಿತ್ತು. ಮತ್ತ ಕಾಣ್ಲಿಲ್ಲ" ಎಂದಳು. ಅಷ್ಟೇ ಹೇಳಿದಳು. ಅವಳು ಅಳಲಿಲ್ಲ. ನನಗೆ ಅಳು ಬಂತು, ಖಾದರ್ ನನ್ನ ಕಡೆ ನೋಡದೆ ಟಿವಿ ನೋಡುವ ಹಾಗೆ ಕುಳಿತ.

ಪಂದ್ಯದಲ್ಲಿ ಕ್ರೊಯೇಷಿಯಾ ಸೋತಿತು. ಪಕ್ಕದ ದೇಶದವರೇ ಸೋಲಿಸಿದರು, ಅಣ್ಣತಮ್ಮಂದಿರ ಜಗಳದ ಹಾಗೆ. ಎಂದಿನಂತೆ ಖಾದರ್ ತಲೆಯ ಮೇಲೆ ಕೈ ಹೊತ್ತು ಕೂತ. ಹಿಂದೊಮ್ಮೆ ಇದೇ ಆಟದಲ್ಲಿ ಚಿನ್ನ ಗೆದ್ದವರು, ಈಗ ಬೆಳ್ಳಿ. ಆದರೆ ಅತ್ತೆ ಅಂಕಗಳನ್ನು ನೋಡುತ್ತಿರಲಿಲ್ಲ. ಪರದೆಯತ್ತ ಬೆರಳು ಮಾಡಿ ಎಣಿಸುತ್ತಿದ್ದಳು. ಸೋತ ಹುಡುಗರು ಒಬ್ಬೊಬ್ಬರೇ ದಂಡೆಗೆ ಬಂದು, ಕೈಯೂರಿ ಮೇಲೆ ಹತ್ತುತ್ತಿದ್ದರು.

"ಒಂದು... ಎರಡು... ಆ ಕೆಂಪು ಕುಲಾವಿಯವ ಎಲ್ಲಿ ಹೋದ?"

"ಅಲ್ಲೇ ಅದಾನ್ರಿ ಅತ್ತಿ, ಗೋಲಿನ ಹಂತ್ಯಾಕ."

"ಹೊರಗ ಬರಲಿ ಮೊದ್ಲು."

ಗೋಲಿ ಕೊನೆಗೆ ನಿಧಾನವಾಗಿ ಬಂದ. ಮೇಲೆ ಹತ್ತಿ ಕಸಿ ಬಿಚ್ಚಿದ. ಅತ್ತೆ ಉಸಿರು ಬಿಟ್ಟಳು. "ಏಳಕ್ಕ ಏಳೂ ಬಂದ್ವು. ಇನ್ನೇನು ಬೇಕೋ ಖಾದರಾ? ಗೆದ್ದಾರ ಬಿಡು" ಎಂದಳು. ಇಪ್ಪತ್ತೈದು ವರ್ಷ ದಾಟಿದ ಭಕ್ತಿಯಲ್ಲಿ ಖಾದರ್ ಎಷ್ಟೋ ಸೋಲು ಕಂಡಿದ್ದಾನೆ. ಇಂಥ ಸಮಾಧಾನವನ್ನು ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ಅತ್ತೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನವರಾತ್ರಿ ಕಳೆಯಿತು. ಒಂದು ದಿನ ಪೇಪರು ಓದುತ್ತ ಕೂತಿದ್ದೆ. ಹಿಂದಿನಿಂದ ಬಂದ ಅತ್ತೆ ನನ್ನ ತಲೆಗೆ ಒಂದು ದಾರ ಸುತ್ತಿದಳು. "ಅಲುಗಬ್ಯಾಡ" ಎಂದಳು. ಹಣೆಯಿಂದ ಕುತ್ತಿಗೆಗೆ ಒಂದು ಸಲ, ಕಿವಿಯಿಂದ ಕಿವಿಗೆ ಒಂದು ಸಲ ಅಳೆದು ಗಂಟು ಹಾಕಿಕೊಂಡು ಹೋದಳು. ನಮ್ಮ ವಂಶದ ತಲೆಗಳು ದೊಡ್ಡವು, ದಾರ ಸಾಲದೆ ಬಂತೆಂದು ಹೆಂಡತಿಗೆ ಹೇಳುತ್ತಿದ್ದುದು ಕೇಳಿಸಿತು. ನಾಲ್ಕು ದಿನದ ಮೇಲೆ ನನ್ನ ಮುಂದೆ ಕೆಂಪು ಕುಲಾವಿ ಇಟ್ಟಳು. ಕೆಂಪು ಯಾಕೆಂದರೆ, "ದೂರಕ್ಕ ಕಾಣಬೇಕು. ಖಾದರಗ ಹೇಳು, ಟ್ಯೂಬ್ ತರಲಿ. ನಾನೂ ಬರ್ತೀನಿ."

ಹಂಪಸಾಗರದ ದಂಡೆಗೆ ನಾವು ಮೂವರೂ ಹೋದದ್ದು ಎಳೆಬಿಸಿಲ ಹೊತ್ತಿಗೆ. ನನಗೆ ನೆನಪಿದ್ದಂತೆ ಅತ್ತೆ ಆ ನೀರಿನ ಹತ್ತಿರ ಬಂದದ್ದು ಅದೇ ಮೊದಲು. ನಾನು ಚಿಕ್ಕಂದಿನಲ್ಲಿ ಅಂಗಿ ಕಾಯುತ್ತಿದ್ದ ಕಡೆಗೇ ಖಾದರ್ ಟ್ಯೂಬು ಉರುಳಿಸಿದ. ಅತ್ತೆ ತಡೆದಳು. ಕೋಲು ಎತ್ತಿ, ಏನೂ ಕಾಣದ ನೀರಿನ ಮೇಲೆ ಊರು ತೋರಿಸಿದಳು.

"ಅತ್ತಾಗ ಬ್ಯಾಡ, ಅದು ನಮ್ಮ ಓಣಿ. ಆ ಕಡೀಗೆ ಗೌಡ್ರು ಕಾಳು ತುಂಬೋ ಹಗೇವು ಇದ್ವು, ತಗ್ಗು ಅದಾವ. ಇಲ್ಲಿ ಇಳೀರಿ. ಇಲ್ಲಿ ನಮ್ಮ ಕಣ ಇತ್ತು. ಸುಗ್ಗಿಗೆ ಬಡಿದು, ಸಾರಿಸಿ, ಸಾಪು ಮಾಡಿದ ನೆಲ."

ಎಪ್ಪತ್ತು ವರ್ಷ ಈ ಕಡೆ ಮುಖ ಮಾಡದವಳು ಒಂದು ದಿನವೂ ಇಲ್ಲಿಂದ ಹೋಗಿರಲೇ ಇಲ್ಲ ಎಂದು ನನಗೆ ಆಗ ತಿಳಿಯಿತು. ಅವಳು ನನ್ನನ್ನು ಬಗ್ಗಿಸಿ ಕುಲಾವಿ ಹಾಕಿದಳು. ಗದ್ದದ ಕೆಳಗೆ ಕಸಿ ಕಟ್ಟಿದಳು. ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಒಬ್ಬಾಕೆ ನಗು ತಡೆಯಲಾರದೆ ಮುಖ ತಿರುಗಿಸಿದಳು. ಕಾಲೇಜಿನ ಮಕ್ಕಳು ಯಾರಾದರೂ ನೋಡಿದರೆ ನನ್ನ ಗತಿಯೇನು ಎಂಬ ಯೋಚನೆ ಒಂದು ಗಳಿಗೆ ಬಂದು ಹೋಯಿತು.

ನೀರು ತಣ್ಣಗಿತ್ತು. ಟ್ಯೂಬಿನ ನಡುವೆ ನಾನು, ಟ್ಯೂಬಿನ ಹಗ್ಗ ಖಾದರನ ಕೈಯಲ್ಲಿ. "ಕಡಿಯಲೇ ಸಿದ್ದ, ಮಜ್ಜಿಗಿ ಕಡಿ!" ಎಂದು ಅವನು ಕೂಗುತ್ತಿದ್ದ. ನಾನು ಕಡಿದೆ. ಕ್ರೊಯೇಷಿಯಾದವರು ನೋಡಿದ್ದರೆ ಆಟವನ್ನೇ ಬಿಡುತ್ತಿದ್ದರು. ಆದರೆ ಎದೆಮಟ್ಟ ನೀರು ದಾಟಿ, ನಮ್ಮ ಹಿರಿಯರು ಜೋಳದ ರಾಶಿ ಮಾಡಿದ ಕಣದ ಮೇಲೆ, ನೆಲ ಮುಟ್ಟದೆ, ನನ್ನ ಮೊಣಕಾಲುಗಳು ಒಂದು ಮಾತೂ ಆಡದೆ ತಿರುಗಿದವು. ಎಷ್ಟು ಹಗುರ! ದಂಡೆಯಿಂದ ಅತ್ತೆಯ ದನಿ ಆಗಾಗ ಬರುತ್ತಿತ್ತು. "ಸಿದ್ದಾ!" ಎನ್ನುತ್ತಿದ್ದಳು. ನಾನು "ಅದೀನಿ ಅತ್ತಿ!" ಎನ್ನುತ್ತಿದ್ದೆ. ಮತ್ತೆ "ಸಿದ್ದಾ!" ಮತ್ತೆ "ಅದೀನಿ!"

ಹೊರಗೆ ಬಂದು ಬಿಸಿಲಿಗೆ ಕೂತು ಮೈ ಒಣಗಿಸಿಕೊಂಡೆವು. ಖಾದರ್ ನಗುತ್ತ, "ಅತ್ತಿ, ಯಾರು ಗೆದ್ರು ಹೇಳ್ರಿ ಇವತ್ತು" ಎಂದ. ಅತ್ತೆ "ಬಾ ಇಲ್ಲಿ" ಎಂದು ನನ್ನನ್ನು ಕರೆದಳು. ಹತ್ತಿರ ಹೋದೆ. ನನ್ನ ಪಂಚೆಯನ್ನು ಸರಿಸಿ, ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೀರು ಎಳೆದಳು. ಬೆಳ್ಳಗೆ ಗೆರೆ ಮೂಡಿತು. ಅತ್ತೆ ಅದನ್ನೇ ನೋಡುತ್ತ ಕುಳಿತಳು. ಆಮೇಲೆ ನನ್ನ ಕಾಲನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ನೀರಿನ ಕಡೆ ಮುಖ ಮಾಡಿ, ಅಲ್ಲಿರುವ ಯಾರಿಗೋ ಹೇಳುವ ಹಾಗೆ ಹೇಳಿದಳು:

"ನೋಡೋ ಬಸ್ಯಾ, ಇವ ಹೋಗಿ ಬಂದ."